ಕಾಂಪ್ಲೆಕ್ಸ್ ಆರೋಗ್ಯ ಸಮಸ್ಯೆ ಇರೋ ಮಗುನ ಯೂನಿವರ್ಸಿಟಿಗೆ ಕಳಿಸೋದು: ಯಾವ ಕೆಲಸ ಮೊದ್ಲು, ಯಾವುದು ಆಮೇಲೆ

ಮೊದ್ಲು ಸೀಟು ಸಿಗ್ಲಿ, ಮಿಕ್ಕಿದ್ದು ಆಮೇಲೆ ನೋಡ್ಕೊಳೋಣ ಅಂತ ಶುರು ಮಾಡೋರೇ ಜಾಸ್ತಿ, ಪ್ಲಾನ್ ಕೆಡೋದೂ ಅಲ್ಲೇ. ಅಡ್ಮಿಷನ್ ಆಗಿ ಫೀಸ್ ಕಟ್ಟಿ ರೂಮ್ ಅಲಾಟ್ ಆದ್ಮೇಲೆ ಗೊತ್ತಾಗತ್ತೆ, ಹತ್ರದಲ್ಲಿ ಈ ಕಾಯಿಲೆ ನೋಡೋ ಸ್ಪೆಷಲಿಸ್ಟೇ ಇಲ್ಲ, ರೂಮ್ ಮೂರನೇ ಮಹಡಿ, ಫ್ರಿಜ್ ಇಡೋಕೆ ಪರ್ಮಿಷನ್ ಇಲ್ಲ, ಮಗನಿಗೆ ತನ್ನ ಮಾತ್ರೆಗಳ ಡೋಸ್ ಎಷ್ಟು ಅಂತ್ಲೂ ಗೊತ್ತಿಲ್ಲ. ಇದ್ರಲ್ಲಿ ಯಾವುದೂ ಬಗೆಹರಿಯದ ಸಮಸ್ಯೆ ಅಲ್ಲ, ಆದ್ರೆ ತಡವಾಗಿ ಗೊತ್ತಾದ್ರೆ ಎಲ್ಲಾ ಒಟ್ಟಿಗೆ ಮೈಮೇಲೆ ಬೀಳತ್ತೆ. ಹಾಗಾಗಿ ಇಲ್ಲಿ ಎಲ್ಲಕ್ಕಿಂತ ಮುಖ್ಯ ಕ್ರಮ. ಮೊದ್ಲು ಆರೈಕೆ ಯಾರ ಕೈಗೆ ಹೋಗತ್ತೆ ಅಂತ ನಿರ್ಧಾರ ಆಗ್ಬೇಕು, ಆಮೇಲೆ ಡಾಕ್ಟರ್, ಅದಾದ್ಮೇಲೆ ಕಾಲೇಜು.

ಡಯಾಬಿಟಿಸ್ ಟೈಪ್ 1, ಎಪಿಲೆಪ್ಸಿ (ಫಿಟ್ಸ್), ಅಂಗ ಕಸಿ ಆಗಿರೋದು, ವೆಂಟಿಲೇಟರ್ ಅಥವಾ ಟ್ರೇಕಿಯಾಸ್ಟಮಿ (ಉಸಿರಾಟಕ್ಕೆ ಅಂತ ಗಂಟಲಲ್ಲಿ ಮಾಡಿರೋ ರಂಧ್ರ), ಹೊಟ್ಟೆಗೆ ಹಾಕಿರೋ ಫೀಡಿಂಗ್ ಟ್ಯೂಬ್, ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟೋ ಹುಟ್ಟು ಕಾಯಿಲೆ), ಅಡ್ರಿನಲ್ ಸಮಸ್ಯೆ (ದೇಹಕ್ಕೆ ಬೇಕಾದ ಸ್ಟೀರಾಯ್ಡ್ ಹಾರ್ಮೋನ್ ಸಾಕಷ್ಟು ಆಗದಿರೋದು), ಅಥವಾ ಇಂಥ ಎರಡು ಮೂರು ಒಟ್ಟಿಗೆ ಇರೋ ಮಕ್ಕಳ ಮನೆಯವ್ರಿಗೆ ಇದು. ಡೋಸ್, ಚಿಕಿತ್ಸೆ ಎಲ್ಲ ನಿಮ್ಮ ಡಾಕ್ಟರ್ ಹೇಳಿದ್ದೇ ಫೈನಲ್. ಎರಡು ವರ್ಷ ಟೈಮ್ ಇದ್ರೆ ಒಳ್ಳೇದು, ಒಂದೇ ವರ್ಷ ಇದ್ರೂ ಆಗತ್ತೆ. ಬರೀ ಕೆಲವು ತಿಂಗಳು ಮಾತ್ರ ಉಳಿದಿದ್ರೆ 2, 3 ಮತ್ತು 7ನೇ ಹಂತ ಬಿಡ್ಲೇಬೇಡಿ, ಅವು ಆಗದೇ ಇದ್ರೆ ಒಂದು ವರ್ಷ ಮುಂದೆ ಹಾಕೋ ಬಗ್ಗೆ ಗಂಭೀರವಾಗಿ ಯೋಚ್ನೆ ಮಾಡಿ.

ಶುರು ಮಾಡೋ ಮುಂಚೆ ಕೈಯಲ್ಲಿ ಇರಬೇಕಾದ್ದು

ಒಂದು ಫೈಲು, ಪೇಪರ್ ಮೇಲೂ ಫೋನಲ್ಲೂ. ಅದ್ರಲ್ಲಿ ಕಾಯಿಲೆಯ ಸಾರಾಂಶ, ಆಪರೇಷನ್‌ಗಳ ತಾರೀಖು, ಅಲರ್ಜಿ, ವ್ಯಾಕ್ಸಿನ್ ದಾಖಲೆ, ಔಷಧಿಗಳ ಪಟ್ಟಿ. ಔಷಧಿಗಳ ಜೆನೆರಿಕ್ ಹೆಸ್ರು (ಕಂಪನಿ ಇಟ್ಟ ಹೆಸ್ರಲ್ಲ, ಔಷಧಿಯ ಮೂಲ ಹೆಸ್ರು) ಬರೀರಿ, ಬ್ರ್ಯಾಂಡ್ ಹೆಸ್ರು ಊರಿಂದ ಊರಿಗೆ ಬದಲಾಗತ್ತೆ. ಮೆಷಿನ್‌ಗಳಿದ್ರೆ ಮಾಡೆಲ್ ನಂಬರ್, ಟ್ಯೂಬ್‌ಗಳಿದ್ರೆ ಸೈಜು. ಇನ್ನು ವಾರದ ಮಾತ್ರೆ ಡಬ್ಬಿ, ಫ್ರಿಜ್ ಒಳಗೆ ಇಡೋ ಒಂದು ಸಣ್ಣ ಥರ್ಮಾಮೀಟರ್, ಕರೆಂಟ್ ಬೇಕಿರೋ ಮೆಷಿನ್ ಇದ್ರೆ ಬ್ಯಾಟರಿ ಬ್ಯಾಕಪ್. ಮತ್ತೊಂದು ಕ್ಯಾಲೆಂಡರ್, ಅದು ಮಗುವಿನ ಫೋನಲ್ಲಿ ಇರ್ಬೇಕು, ನಿಮ್ಮ ಫೋನಲ್ಲಿ ಅಲ್ಲ.

1. ನೀವು ಏನೇನು ಮಾಡ್ತಿದ್ದೀರಿ ಅಂತ ಬರೆದಿಡಿ

ಒಂದು ವಾರ ಪೂರ್ತಿ, ಮಗಳ ಆರೋಗ್ಯಕ್ಕೆ ಅಂತ ನೀವು ಮಾಡೋ ಪ್ರತಿಯೊಂದು ಕೆಲಸನೂ ಬರೀರಿ. ಮಾತ್ರೆ ಕೊಡೋದು, ಡ್ರೆಸ್ಸಿಂಗ್ ಬದಲಾಯಿಸೋದು ಎಲ್ರಿಗೂ ನೆನಪಾಗತ್ತೆ. ಕಣ್ಣಿಗೆ ಬೀಳದ ಕೆಲಸಗಳೇ ಕಾಲೇಜಲ್ಲಿ ಕೈಕೊಡೋದು: ಮಾತ್ರೆ ಮುಗಿಯೋಕೆ ಹತ್ತು ದಿನ ಮುಂಚೆನೇ ತರಿಸೋದು, ಇನ್ಶೂರೆನ್ಸ್‌ನವ್ರ ಜೊತೆ ಮಾತಾಡೋದು, ರಿಪೋರ್ಟ್ ಬಂತಾ ಅಂತ ವಿಚಾರಿಸೋದು, ಮುಖ ಸ್ವಲ್ಪ ಬಿಳಚಿಕೊಂಡಿದೆ ಅಂತ ಗಮನಿಸಿ ಶುಗರ್ ಚೆಕ್ ಮಾಡು ಅನ್ನೋದು, ರಾತ್ರಿ ಮೆಷಿನ್ ಅಲಾರ್ಮ್‌ಗೆ ಏಳೋದು. ಆ ಕೊನೇದನ್ನ ಬರೀಲೇಬೇಕು, ಯಾಕಂದ್ರೆ ಯಾರೂ ಬರಿಯಲ್ಲ.

ಆಮೇಲೆ ಪಟ್ಟಿನ ಮೂರು ಭಾಗ ಮಾಡಿ. ಈಗ್ಲೇ ಮಗು ಮಾಡ್ಕೊಳೋದು, ಕಲಿತ್ರೆ ಮಾಡ್ಕೊಳೋದು, ಎಷ್ಟೇ ಕಲಿತ್ರೂ ಇನ್ನೊಬ್ರು ಬೇಕೇ ಬೇಕಾಗೋದು. ಮೂರನೇ ಭಾಗದಲ್ಲಿ ಒಂದೇ ಒಂದು ಕೆಲಸ ಇದ್ರೂ ಅದಕ್ಕೆ ಒಬ್ಬ ಮನುಷ್ಯ ಬೇಕು, ನರ್ಸೋ ಕೇರರೋ ಮನೆಯವ್ರೋ, ಅವ್ರು ಯಾರು, ದುಡ್ಡು ಯಾರು ಕೊಡ್ತಾರೆ, ರಾತ್ರಿ ಎಲ್ಲಿ ಮಲಗ್ತಾರೆ ಅನ್ನೋದು ತೀರ್ಮಾನ ಆಗೋವರೆಗೂ ಕಾಲೇಜು ಹುಡುಕೋದ್ರಲ್ಲಿ ಅರ್ಥ ಇಲ್ಲ. ಫ್ರೆಂಡ್ಸ್ ನೋಡ್ಕೋತಾರೆ ಅನ್ನೋದನ್ನ ಪ್ಲಾನ್ ಅಂತ ಲೆಕ್ಕಕ್ಕೆ ತಗೋಬೇಡಿ. ಅವ್ರೂ 18 ವರ್ಷದ ಮಕ್ಳು, ಅವ್ರಿಗೂ ಪರೀಕ್ಷೆ ಇರತ್ತೆ.

2. ಕೆಲಸಗಳನ್ನ ಮಗುವಿನ ಕೈಗೆ ಕೊಡಿ, ಈ ಕ್ರಮದಲ್ಲಿ

ಮೊದ್ಲು ಮಾತು. ಡಾಕ್ಟರ್ ಹತ್ರ ಹೋದಾಗ ಮಗನೇ ಮಾತಾಡ್ಲಿ, ನೀವು ಸುಮ್ನೆ ಕೂತಿರಿ, ಕೊನೆಗೆ ಬಿಟ್ಟುಹೋಗಿದ್ದು ಇದ್ರೆ ಮಾತ್ರ ಸೇರ್ಸಿ. ಹಾಗೇ ಒಂದು ಹತ್ತು ನಿಮಿಷ ಅವ್ನು ಒಬ್ನೇ ಡಾಕ್ಟರ್ ಜೊತೆ ಇರೋ ಹಾಗೆ ಕೇಳ್ಕೊಳ್ಳಿ. ಆಲ್ಕೋಹಾಲ್, ನಿದ್ದೆಗೆಡೋದು, ಸಂಬಂಧ, ಗರ್ಭನಿರೋಧಕ ಇವೆಲ್ಲ ಅಪ್ಪ ಅಮ್ಮನ ಮುಂದೆ ಬರೋ ಮಾತಲ್ಲ, ಆದ್ರೆ ಬರಲೇಬೇಕಾದ ಮಾತು. ಎಪಿಲೆಪ್ಸಿಗೆ ಕೊಡೋ ವಾಲ್‌ಪ್ರೋಯೇಟ್, ಕಸಿ ಆದ್ಮೇಲೆ ಕೊಡೋ ಮೈಕೋಫಿನೋಲೇಟ್ ಇವೆರಡೂ ಗರ್ಭದಲ್ಲಿರೋ ಮಗುವಿಗೆ ಹಾನಿ ಮಾಡತ್ತೆ, ಈ ವಿಷಯ ಹುಡುಗಿಗೆ ಕಾಲೇಜಿಗೆ ಹೋಗೋ ಮುಂಚೆನೇ ಗೊತ್ತಿರ್ಬೇಕು. ಇನ್ಸುಲಿನ್ ತಗೊಳೋರು ಕುಡಿದ್ರೆ ಶುಗರ್ ಗಂಟೆಗಟ್ಟಲೆ ಆದ್ಮೇಲೆ, ನಿದ್ದೇಲೂ ಇಳೀಬಹುದು, ಪಕ್ಕದಲ್ಲಿರೋರು ಅಮಲು ಅಂದ್ಕೊಂಡು ಸುಮ್ನಿರ್ತಾರೆ. ಬೈದು ಹೇಳಿದ್ರೆ ಇದು ಕಿವಿಗೆ ಹೋಗಲ್ಲ, ಡಾಕ್ಟರ್ ಹೇಳಿದ್ರೆ ಹೋಗತ್ತೆ.

ಎರಡನೇದು ಸ್ಟಾಕು. ಔಷಧಿ ತರಿಸೋದು, ಎಣಿಸೋದು, ಎಕ್ಸ್‌ಪೈರಿ ನೋಡೋದು. ಮೂರನೇದು ದಿನದ ರೂಟೀನ್. ತುರ್ತು ನಿರ್ಧಾರಗಳು ಕೊನೇಲಿ, ಅಂದ್ರೆ ಯಾವಾಗ ಡೋಸ್ ಜಾಸ್ತಿ ಮಾಡ್ಬೇಕು, ಯಾವಾಗ ಆಸ್ಪತ್ರೆಗೆ ಹೋಗ್ಬೇಕು ಅನ್ನೋದು. ಬಹಳ ಜನ ಇದನ್ನ ತಲೆಕೆಳಗೆ ಮಾಡ್ತಾರೆ. ಮಾತ್ರೆ ತಗೊಳೋದು ಕಲ್ಸಿಬಿಟ್ರೆ ಆಯ್ತು ಅಂದ್ಕೊತಾರೆ, ಮಾತ್ರೆ ಖಾಲಿಯಾದ ದಿನ ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಮಗುವಿಗೆ ಗೊತ್ತೇ ಇರಲ್ಲ.

ನೀವು ನೆನಪಿಸಿದ್ಮೇಲೆ ಮಾಡಿದ್ರೆ ಅದು ಇನ್ನೂ ನಿಮ್ಮ ಕೆಲಸನೇ. ಒಂದು ತಿಂಗಳು ನಿಮ್ಮ ಬಾಯಿಂದ ಒಂದು ಮಾತೂ ಬರದೇ ನಡೆದ್ರೆ ಆಗ ಅದು ಕೈ ಬದಲಾಯ್ತು ಅನ್ನಿ. ಹಾಗಂತ ಎಲ್ಲದ್ರಲ್ಲೂ ತಪ್ಪು ಮಾಡಿ ಕಲೀಲಿ ಅಂತ ಬಿಡೋಕಾಗಲ್ಲ. ಅಪಾಯಿಂಟ್‌ಮೆಂಟ್ ಮರೆತ್ರೆ ಬಿಡಿ, ಇನ್ನೊಂದು ತಗೊಳ್ಲಿ. ಕಸಿಯಾದವ್ರ ಟ್ಯಾಕ್ರೋಲಿಮಸ್ (ಕಸಿ ಮಾಡಿದ ಅಂಗನ ದೇಹ ತಿರಸ್ಕರಿಸದ ಹಾಗೆ ಕೊಡೋ ಮಾತ್ರೆ), ಫಿಟ್ಸ್ ಮಾತ್ರೆ, ದಿನಾ ತಗೊಳೋ ಸ್ಟೀರಾಯ್ಡ್, ಇನ್ಸುಲಿನ್ ಇವುಗಳಲ್ಲಿ ಆ ಪಾಠ ಬೇಡ, ಇವಕ್ಕೆ ಅಲಾರ್ಮ್ ಜೊತೆಗೆ ಇನ್ನೊಂದು ಚೆಕ್ ಇರ್ಲಿ. ತಗೊಂಡ್ಮೇಲೆ ಡಬ್ಬಿ ಫೋಟೋ ಕಳಿಸೋದು, ಇಲ್ಲಾ ಆಪ್‌ನಲ್ಲಿ ಟಿಕ್ ಮಾಡೋದು, ಏನೋ ಒಂದು.

ಎಚ್ಚರಿಕೆ: "ತಗೊಂಡೆ ಅಂದ್ನಲ್ಲಾ" ಅಂತ ಸಿಡುಕೋದು, ಡಬ್ಬಿಲಿ ಲೆಕ್ಕಕ್ಕಿಂತ ಜಾಸ್ತಿ ಮಾತ್ರೆ ಉಳಿದಿರೋದು ಇವೆರಡೂ ಒಟ್ಟಿಗೆ ಕಂಡ್ರೆ ನಿಲ್ಲಿಸಿ, ಮಾತಾಡಿ. ಕಾಯಿಲೆಯಿಂದ ಬೇಸತ್ತು ಹೋಗಿರೋದು ಈ ವಯಸ್ಸಲ್ಲಿ ತುಂಬಾ ಸಾಮಾನ್ಯ, ಅದನ್ನ ಸೋಮಾರಿತನ ಅಂದ್ಕೊಬೇಡಿ.

3. ಮಕ್ಕಳ ಡಾಕ್ಟರಿಂದ ದೊಡ್ಡವ್ರ ಡಾಕ್ಟರ್ ಹತ್ರ

ಎಷ್ಟೋ ಕಡೆ 18ರ ಆಸುಪಾಸಲ್ಲಿ ಮಕ್ಕಳ ವಿಭಾಗದಿಂದ ಕಳಿಸಿಬಿಡ್ತಾರೆ, ಸರಿಯಾಗಿ ಮಗು ಕಾಲೇಜಿಗೆ ಹೋಗೋ ವರ್ಷನೇ. ಹೊಸ ಊರು, ಹೊಸ ಓದು, ಹೊಸ ಡಾಕ್ಟರು ಮೂರೂ ಒಂದೇ ತಿಂಗಳಲ್ಲಿ ಬರಬಾರ್ದು. ಡಾಕ್ಟರ್ ಬದಲಾವಣೆ ಕಾಲೇಜಿಗೆ ಕನಿಷ್ಠ ಆರು ತಿಂಗಳು ಮುಂಚೆ ಆಗ್ಲಿ, ಇಲ್ಲಾ ಮೊದಲ ವರ್ಷ ಮುಗಿಯೋವರೆಗೂ ಹಳೇ ಡಾಕ್ಟರೇ ನೋಡ್ಲಿ ಅಂತ ಕೇಳಿ. ಆಗಲ್ಲ ಅಂತ ನೀವೇ ಅಂದ್ಕೊಂಡು ಕೇಳದೇ ಇರ್ಬೇಡಿ.

ಹಳೇ ಡಾಕ್ಟರ್ ಕೈಲಿ ಒಂದು ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಈಗಿನ ಚಿಕಿತ್ಸೆ ಜೊತೆಗೆ ಹಿಂದೆ ಯಾವ ಔಷಧಿ ಕೊಟ್ಟು ಯಾಕೆ ನಿಲ್ಸಿದ್ರು ಅನ್ನೋದು ಅದ್ರಲ್ಲಿ ಇರ್ಲೇಬೇಕು, ಇಲ್ಲಾಂದ್ರೆ ಹೊಸ ಡಾಕ್ಟರ್ ಅದೇ ಔಷಧಿನ ಮತ್ತೆ ಶುರು ಮಾಡಬಹುದು.

ಮಗು ದೂರದ ಊರಲ್ಲಿ ಓದೋದಾದ್ರೆ ಇನ್ನೊಂದು ಪ್ರಶ್ನೆ ಇದೆ: ಡೋಸ್ ಬದಲಾಯಿಸೋ ಅಧಿಕಾರ ಯಾರ್ದು? ಇಬ್ಬರು ಡಾಕ್ಟರ್ ಇದ್ರೆ ಮುಖ್ಯ ನಿರ್ಧಾರ ಒಬ್ಬರದ್ದೇ ಇರ್ಬೇಕು, ಇನ್ನೊಬ್ರು ಕ್ಯಾಂಪಸ್ ಹತ್ರ ತುರ್ತಿಗೆ, ರಕ್ತ ಪರೀಕ್ಷೆಗೆ. ಇದು ಬರಹದಲ್ಲಿ ಇರ್ಲಿ, ಇಬ್ಬರಿಗೂ ಕಾಪಿ ಹೋಗ್ಲಿ. ಸ್ಪೆಷಲಿಸ್ಟ್ ಹತ್ರ ತಿಂಗಳುಗಟ್ಟಲೆ ಕಾಯ್ಬೇಕಾಗ್ಬಹುದು, ಅದಕ್ಕೇ ಅಡ್ಮಿಷನ್ ಖಚಿತ ಆಗೋ ಮುಂಚೆನೇ ಹೊಸ ರೋಗಿಗಳನ್ನ ತಗೋತಾರಾ ಅಂತ ವಿಚಾರಿಸಿ.

ವ್ಯಾಕ್ಸಿನ್ ವಿಷಯನೂ ಇದೇ ಹಂತದಲ್ಲಿ ಮುಗಿಸಿ. ಹಾಸ್ಟೆಲ್‌ಗೆ ಹೋಗೋ ವಿದ್ಯಾರ್ಥಿಗಳಿಗೆ ಮೆನಿಂಗೋಕಾಕಲ್ (ಮಿದುಳಿನ ಪೊರೆಯ ಸೋಂಕು ತಡೆಯೋ) ವ್ಯಾಕ್ಸಿನ್ ಕೆಲವು ದೇಶಗಳಲ್ಲಿ ಶಿಫಾರಸು ಮಾಡ್ತಾರೆ. ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ತಗೊಳೋರಿಗೆ ಜೀವಂತ ವೈರಸ್ ಇರೋ ವ್ಯಾಕ್ಸಿನ್‌ಗಳನ್ನ ಸಾಮಾನ್ಯವಾಗಿ ಕೊಡಲ್ಲ, ಕ್ಯಾಂಪಸ್ ಫಾರ್ಮಲ್ಲಿ ಕಡ್ಡಾಯ ಅಂತ ಇದ್ರೆ ಡಾಕ್ಟರ್ ಪತ್ರ ಬೇಕಾಗತ್ತೆ.

4. ಈಗ ಕಾಲೇಜು ಆರಿಸಿ

ಮ್ಯಾಪ್ ತಗೊಳ್ಳಿ. ಇಷ್ಟ ಇರೋ ಪ್ರತಿ ಕಾಲೇಜಿಂದ ಈ ಕಾಯಿಲೆ ಗೊತ್ತಿರೋ ಎಮರ್ಜೆನ್ಸಿ ವಿಭಾಗಕ್ಕೆ ಎಷ್ಟು ಹೊತ್ತು, ಅದೂ ರಾತ್ರಿ ಎರಡು ಗಂಟೆಗೆ, ಟ್ರಾಫಿಕ್ ಇರೋ ಸಂಜೆಗೆ. ಈ ಪರೀಕ್ಷೇಲಿ ಪಾಸಾದ ಕಾಲೇಜುಗಳನ್ನ ಮಾತ್ರ ಮುಂದಕ್ಕೆ ತಗೊಳ್ಳಿ. ಕೋರ್ಸ್ ಯಾವುದು ಅನ್ನೋದು ಮಾತ್ರ ಮಗುವಿನ ಆಸೆ ಪ್ರಕಾರವೇ ಇರ್ಬೇಕು, ಕಾಯಿಲೆ ನೋಡಿ ಕೋರ್ಸ್ ಆರಿಸಿದ್ರೆ ಆ ಮಗು ಯಾಕೆ ಅಷ್ಟು ಕಷ್ಟಪಟ್ಟು ಹೋಗ್ಬೇಕು ಹೇಳಿ.

ಅಂಗವಿಕಲರ ಸೇವಾ ವಿಭಾಗ ಅಥವಾ ವಿದ್ಯಾರ್ಥಿ ಕಲ್ಯಾಣ ವಿಭಾಗಕ್ಕೆ ಅರ್ಜಿ ಹಾಕೋ ಮುಂಚೆನೇ ಮೇಲ್ ಮಾಡಿ. ಮಗುನೇ ಬರೀಲಿ. ಫೋನಲ್ಲಿ ಹೇಳಿದ್ದು ನಾಳೆ ಉಳಿಯಲ್ಲ, ಉತ್ತರ ಬರಹದಲ್ಲೇ ಬರ್ಲಿ. ಕೇಳಬೇಕಾದ್ದು: ಕೇರರ್‌ಗೆ ಕ್ಲಾಸಲ್ಲಿ, ಹಾಸ್ಟೆಲಲ್ಲಿ ಇರೋಕೆ ಅವಕಾಶ ಇದ್ಯಾ, ಆಸ್ಪತ್ರೆಗೆ ಸೇರಿದ್ರೆ ಹಾಜರಾತಿ ಏನಾಗತ್ತೆ, ಲ್ಯಾಬ್ ಮತ್ತು ಇಂಟರ್ನ್‌ಶಿಪ್ ತಪ್ಪಿದ್ರೆ ಹೇಗೆ ಪೂರೈಸೋದು, ಕಡ್ಮೆ ಸಬ್ಜೆಕ್ಟ್ ತಗೊಂಡು ನಿಧಾನವಾಗಿ ಮುಗಿಸಬಹುದಾ, ಕರೆಂಟ್ ಹೋದ್ರೆ ಹಾಸ್ಟೆಲ್‌ಗೆ ಜನರೇಟರ್ ಇದ್ಯಾ, ಇದ್ರೆ ರೂಮಿನ ಪ್ಲಗ್‌ಗೂ ಬರತ್ತಾ ಅಥವಾ ಬರೀ ಕಾರಿಡಾರ್ ಲೈಟ್‌ಗಾ. ಈ ಕೊನೇ ಪ್ರಶ್ನೆಗೆ ಮೊದಲ ಸಲ ಸಾಮಾನ್ಯವಾಗಿ ಸರಿಯಾದ ಉತ್ತರ ಬರಲ್ಲ, ಎಲೆಕ್ಟ್ರಿಕಲ್ ವಿಭಾಗದವ್ರನ್ನೇ ಕೇಳ್ಸಿ.

ನಂತರ ಹೋಗಿ ನೋಡಿ. ರೂಮಿಂದ ಕ್ಲಾಸಿಗೆ ಮಗು ತನ್ನ ವೇಗದಲ್ಲೇ ಹೋಗ್ಲಿ, ಬ್ಯಾಗು ಮೆಷಿನ್ ಎಲ್ಲಾ ಹಿಡ್ಕೊಂಡು. ಲಿಫ್ಟ್ ಕೆಟ್ರೆ ಏನು ದಾರಿ ಅಂತ ಕೇಳಿ.

ಎಚ್ಚರಿಕೆ: "ಬನ್ನಿ, ಬಂದ್ಮೇಲೆ ಎಲ್ಲಾ ಅಡ್ಜಸ್ಟ್ ಮಾಡೋಣ" ಅನ್ನೋ ಉತ್ತರ. ಒಳ್ಳೇ ಮನಸಿಂದಲೇ ಹೇಳಿರ್ತಾರೆ, ಆದ್ರೂ ಅದು ಉತ್ತರ ಅಲ್ಲ. ಪ್ರಶ್ನೆನ ತಿರುಗಿ ಕಳಿಸಿ.

5. ಸೌಲಭ್ಯ ಕೇಳೋ ಪತ್ರ

ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿ ಉನ್ನತ ಶಿಕ್ಷಣದಲ್ಲೂ ಸೂಕ್ತ ಹೊಂದಾಣಿಕೆ ಮಾಡಿಕೊಡ್ಬೇಕು ಅನ್ನತ್ತೆ, ಹೆಚ್ಚಿನ ದೇಶಗಳು ಅದಕ್ಕೆ ಒಪ್ಪಿವೆ. ಅಂದ್ರೆ ನೀವು ದಯೆ ಬೇಡ್ತಿಲ್ಲ. ಸಂಕೋಚ ಬಿಟ್ಟು ಕೇಳಿ.

ಪತ್ರ ರಿಜೆಕ್ಟ್ ಆಗೋಕೆ ಮುಖ್ಯ ಕಾರಣ, ಅದ್ರಲ್ಲಿ ಕಾಯಿಲೆ ಹೆಸ್ರು ಮಾತ್ರ ಇರತ್ತೆ. ಓದೋ ಆಫೀಸರ್‌ಗೆ ಆ ಹೆಸ್ರಿಂದ ಏನೂ ಅರ್ಥ ಆಗಲ್ಲ. ಡಾಕ್ಟರ್ ಹತ್ರ ಹೀಗೆ ಬರೆಸಿ: "ಈ ವಿದ್ಯಾರ್ಥಿಗೆ ದಿನಕ್ಕೆ ಎರಡು ಸಲ ಉಸಿರಾಟದ ಚಿಕಿತ್ಸೆ ಬೇಕು, ಹಾಗಾಗಿ ಬೆಳಗಿನ ಮೊದಲ ಕ್ಲಾಸ್ ತಪ್ಪಬಹುದು, ಅದರ ರೆಕಾರ್ಡಿಂಗ್ ಬೇಕು." ಕಾಯಿಲೆ, ಅದ್ರಿಂದ ಓದಿಗೆ ಏನು ತೊಂದ್ರೆ, ಅದಕ್ಕೆ ಏನು ಬೇಕು, ಮೂರೂ ಒಂದೇ ಸಾಲಲ್ಲಿ.

ಪರೀಕ್ಷೆಗೆ ಹೆಚ್ಚುವರಿ ಸಮಯ ಒಂದನ್ನೇ ಎಲ್ರೂ ಕೇಳ್ತಾರೆ. ಶುಗರ್ ಇಳಿದಾಗ, ಸಕ್ಷನ್ (ಮೆಷಿನಿಂದ ಕಫ ಹೊರತೆಗೆಯೋದು) ಮಾಡ್ಬೇಕಾದಾಗ, ಟಾಯ್ಲೆಟ್‌ಗೆ ಪದೇಪದೇ ಹೋಗ್ಬೇಕಾದಾಗ ಗಡಿಯಾರ ನಿಲ್ಲಿಸಿ ವಿರಾಮ ಕೊಡೋದು ಅದಕ್ಕಿಂತ ಹೆಚ್ಚು ಉಪಯೋಗ. ಗ್ಲೂಕೋಸ್ ಸೆನ್ಸರ್ ಫೋನ್‌ಗೆ ಕನೆಕ್ಟ್ ಆಗಿದ್ರೆ ಪರೀಕ್ಷಾ ಹಾಲ್‌ನಲ್ಲಿ ಆ ಫೋನ್ ಇಟ್ಕೊಳೋಕೆ ಮುಂಚೆನೇ ಲಿಖಿತ ಅನುಮತಿ ಬೇಕು, ಪರೀಕ್ಷೆ ದಿನ ಬಾಗಿಲಲ್ಲಿ ವಾದ ಮಾಡೋ ಹಾಗಾಗ್ಬಾರ್ದು. ಕಡ್ಮೆ ಸಬ್ಜೆಕ್ಟ್ ತಗೊಳೋದಾದ್ರೆ ಸ್ಕಾಲರ್‌ಶಿಪ್, ಇನ್ಶೂರೆನ್ಸ್, ಹಾಸ್ಟೆಲ್ ಸೀಟು, ವೀಸಾ ಇವುಗಳಲ್ಲಿ ಯಾವುದಾದ್ರೂ ಫುಲ್ ಟೈಮ್ ವಿದ್ಯಾರ್ಥಿಗೆ ಮಾತ್ರ ಅಂತ ಇದ್ಯಾ ನೋಡಿ, ಸಹಿ ಹಾಕೋ ಮುಂಚೆ. ಕೆಲವು ಕಡೆ ಸೌಲಭ್ಯನ ಪ್ರತಿ ಸೆಮಿಸ್ಟರ್ ರಿನ್ಯೂ ಮಾಡಿಸ್ಬೇಕು, ಅದು ಮಗುವಿನ ಕ್ಯಾಲೆಂಡರಲ್ಲಿ ಇರ್ಲಿ.

ಸಿಸ್ಟಿಕ್ ಫೈಬ್ರೋಸಿಸ್ ಇರೋರಿಗೆ ಒಂದು ಮಾತು. ಒಂದೇ ಕಾಯಿಲೆಯವ್ರು ಜೊತೆಗಿರ್ಲಿ ಅಂತ ಇಬ್ಬರನ್ನ ಒಂದೇ ರೂಮಿಗೆ ಹಾಕೋರು ಇರಬಹುದು. ಇಬ್ಬರ ಶ್ವಾಸಕೋಶದ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ಹರಡತ್ತೆ, ಅವರ ಮಧ್ಯೆ ಸುಮಾರು 2 ಮೀಟರ್ ಅಂತರ ಇರ್ಬೇಕು ಅಂತ ಡಾಕ್ಟರ್ ಪತ್ರದಲ್ಲೇ ಬರೆಸಿಬಿಡಿ.

6. ಔಷಧಿ, ಮೆಷಿನ್, ಕರೆಂಟು

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರ್ಬೇಕು. ಸಣ್ಣ ಫ್ರಿಜ್‌ಗಳಲ್ಲಿ ಐಸ್ ಬಾಕ್ಸ್ ಪಕ್ಕ ಅದು ಹೆಪ್ಪುಗಟ್ಟಿ ಹೋಗತ್ತೆ, ಹೆಪ್ಪುಗಟ್ಟಿದ್ದು ಕರಗಿದ್ರೂ ಉಪಯೋಗಿಸಬಾರ್ದು. ಥರ್ಮಾಮೀಟರ್ ಬೇಕು ಅಂದಿದ್ದು ಇದಕ್ಕೇ. ಎಪಿನೆಫ್ರಿನ್ ಪೆನ್ (ತೀವ್ರ ಅಲರ್ಜಿಗೆ ಕೊಡೋ ತುರ್ತು ಇಂಜೆಕ್ಷನ್) ಮಾತ್ರ ಫ್ರಿಜ್‌ಗೆ ಇಡಬಾರ್ದು, ಅದು ಯಾವಾಗ್ಲೂ ಮೈಹತ್ರ ಇರ್ಬೇಕು, ಒಂದಲ್ಲ ಎರಡು.

ಟ್ರೇಕಿಯಾಸ್ಟಮಿ ಇದ್ರೆ ಅದೇ ಸೈಜಿನ ಒಂದು ಟ್ಯೂಬು, ಒಂದು ಸೈಜು ಚಿಕ್ಕದು ಇನ್ನೊಂದು, ಎರಡೂ ಬ್ಯಾಗಲ್ಲಿ. ಬ್ಯಾಗು ರೂಮಲ್ಲಿ ಬಿಟ್ಟು ಮಗು ಕ್ಲಾಸಲ್ಲಿದ್ರೆ ಪ್ರಯೋಜನ ಇಲ್ಲ. ಹೊಟ್ಟೆಯ ಫೀಡಿಂಗ್ ಟ್ಯೂಬ್ ಹೊರಗೆ ಬಂದ್ರೆ ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚೋಕೆ ಶುರುವಾಗತ್ತೆ, ಬೆಳಗ್ಗೆ ನೋಡೋಣ ಅನ್ನೋ ಹಾಗಿಲ್ಲ, ಬದಲಿ ಟ್ಯೂಬ್ ಎಲ್ಲಿದೆ, ಯಾರು ಹಾಕ್ತಾರೆ ಅಂತ ಮೊದ್ಲೇ ಗೊತ್ತಿರ್ಬೇಕು. ಮೆಷಿನ್ ಬ್ಯಾಟರಿ ಎಷ್ಟು ಗಂಟೆ ಬರತ್ತೆ ಅನ್ನೋದನ್ನ ಬುಕ್‌ಲೆಟ್ ನೋಡಿ ನಂಬಬೇಡಿ, ನೀವು ಪಕ್ಕದಲ್ಲೇ ಇರುವಾಗ ಓಡಿಸಿ ನೋಡಿ, ಹಳೇ ಬ್ಯಾಟರಿ ಅಷ್ಟು ಬರಲ್ಲ.

ರಕ್ತ ಪರೀಕ್ಷೆ ಮತ್ತು ಟೈಮ್‌ಟೇಬಲ್ ಡಿಕ್ಕಿ ಹೊಡೆಯೋದು ಯಾರಿಗೂ ಮುಂಚೆ ಹೊಳೆಯಲ್ಲ. ಟ್ಯಾಕ್ರೋಲಿಮಸ್ ಮಟ್ಟ ನೋಡೋಕೆ ಬೆಳಗಿನ ಡೋಸ್ ತಗೊಳೋ ಮುಂಚೆನೇ ರಕ್ತ ಕೊಡ್ಬೇಕು, 12 ಗಂಟೆಗೊಮ್ಮೆ ತಗೊಳೋ ಮಾತ್ರೆ ಆದ್ರೆ ಹಿಂದಿನ ಡೋಸ್ ಆಗಿ 12 ಗಂಟೆ ಆಗಿರ್ಬೇಕು. ಲ್ಯಾಬ್ ತೆರೆಯೋದು, ಕ್ಲಾಸ್ ಶುರುವಾಗೋದು ಒಂದೇ ಹೊತ್ತಿಗಾದ್ರೆ ಮಗು ಒಂದನ್ನ ಬಿಡತ್ತೆ, ಮತ್ತೆ ಅದು ಯಾವಾಗ್ಲೂ ಲ್ಯಾಬೇ ಆಗಿರತ್ತೆ.

7. ಎಮರ್ಜೆನ್ಸಿ ಹಾಳೆ

ಒಂದೇ ಪುಟ, ದೊಡ್ಡ ಅಕ್ಷರ, ಏನೂ ಗೊತ್ತಿಲ್ಲದ ರೂಮ್‌ಮೇಟ್ ಗಾಬರಿಲೂ ಓದೋ ಹಾಗೆ. ಮೇಲ್ಗಡೆ "ಅಮ್ಮನಿಗೆ ಫೋನ್ ಮಾಡಿ" ಅಂತ ಇರಬಾರ್ದು. ನೀವು ದೂರದಲ್ಲಿದ್ದೀರಿ, ಆ ಫೋನ್ ಕಾಲಲ್ಲೇ ಬೇಕಾದ ನಿಮಿಷಗಳು ಹೋಗತ್ತೆ. ಮೊದ್ಲು ಏನು ಮಾಡ್ಬೇಕು, ಆಮೇಲೆ ಆಂಬ್ಯುಲೆನ್ಸ್ ನಂಬರ್, ನಿಮ್ಮ ನಂಬರ್ ಕೊನೇಲಿ.

ಫಿಟ್ಸ್‌ಗೆ: ಟೈಮ್ ನೋಡ್ಕೊಳ್ಳಿ, ಒಂದು ಬದಿಗೆ ಮಲಗ್ಸಿ, ಬಾಯಿಗೆ ಏನೂ ಹಾಕ್ಬೇಡಿ, 5 ನಿಮಿಷ ದಾಟಿದ್ರೆ ಆಂಬ್ಯುಲೆನ್ಸ್, ಡಾಕ್ಟರ್ ಕೊಟ್ಟಿರೋ ತುರ್ತು ಔಷಧಿ ಇದ್ರೆ ಅದು. ಎಪಿಲೆಪ್ಸಿ ಇರೋರಿಗೆ ಬಂಕ್ ಬೆಡ್‌ನ ಮೇಲಿನದ್ದು ಬೇಡ, ಸ್ನಾನಕ್ಕೆ ಹೋದಾಗ ಒಳಗಿಂದ ಲಾಕ್ ಹಾಕೋದೂ ಬೇಡ.

ಶುಗರ್ 70ಕ್ಕಿಂತ (mg/dL) ಕೆಳಗೆ ಹೋದ್ರೆ 15 ಗ್ರಾಂ ಬೇಗ ಕರಗೋ ಸಕ್ಕರೆ, 15 ನಿಮಿಷ ಆದ್ಮೇಲೆ ಮತ್ತೆ ಚೆಕ್. ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಬೇಡ, ಗ್ಲುಕಗಾನ್ (ಶುಗರ್ ಏರಿಸೋ ತುರ್ತು ಔಷಧಿ) ಇದ್ರೆ ಕೊಟ್ಟು ಆಂಬ್ಯುಲೆನ್ಸ್ ಕರೀರಿ.

ತೀವ್ರ ಅಲರ್ಜಿಗೆ ಎಪಿನೆಫ್ರಿನ್ ಪೆನ್ ತೊಡೆಯ ಹೊರಭಾಗಕ್ಕೆ, ಮಲಗಿಸಿ, ಉಸಿರಾಡೋಕೆ ಕಷ್ಟ ಇದ್ರೆ ಕೂರಿಸಿ, ಎದ್ದು ಓಡಾಡೋಕೆ ಬಿಡ್ಬೇಡಿ, ತಕ್ಷಣ ಆಂಬ್ಯುಲೆನ್ಸ್.

ಅಡ್ರಿನಲ್ ಸಮಸ್ಯೆಯವ್ರಿಗೆ ವಾಂತಿಯಾಗಿ ಮಾತ್ರೆ ನಿಲ್ತಿಲ್ಲ ಅಂದ್ರೆ ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್) ಇಂಜೆಕ್ಷನ್ ಬೇಕು, ದೊಡ್ಡವ್ರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ, ಆಮೇಲೆ ಆಸ್ಪತ್ರೆ. ರಕ್ತನಾಳದಲ್ಲಿ ಸೆಂಟ್ರಲ್ ಲೈನ್ ಇರೋರಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದ್ರೂ ಅದು ಎಮರ್ಜೆನ್ಸಿ, ಮಾತ್ರೆ ನುಂಗಿ ಮಲಗೋ ಜ್ವರ ಅಲ್ಲ.

ಈ ಹಾಳೆ ಯಾರಿಗೆ ಕೊಡೋದು ಅನ್ನೋದು ಮಗುವಿನ ತೀರ್ಮಾನ. ಒಬ್ಬರಿಗಾದ್ರೂ ಗೊತ್ತಿರ್ಲೇಬೇಕು ಅನ್ನೋದು ಮಾತ್ರ ನಿಮ್ಮ ಷರತ್ತು. ಹೇಳಿದ್ರೆ ಸಾಲದು, ಟ್ರೈನರ್ ಪೆನ್‌ನಲ್ಲಿ (ಸೂಜಿ, ಔಷಧಿ ಇಲ್ಲದ ಅಭ್ಯಾಸದ ಪೆನ್) ಒಂದ್ಸಲ ಮಾಡಿಸಿ ತೋರ್ಸಿ.

8. 18 ತುಂಬಿದ್ಮೇಲಿನ ಕಾಗದಪತ್ರ

ಬಹಳಷ್ಟು ದೇಶಗಳಲ್ಲಿ 18 ಆದ್ರೆ ಆಸ್ಪತ್ರೆಯವ್ರು, ಕಾಲೇಜಿನವ್ರು ನಿಮಗೆ ಏನೂ ಹೇಳೋ ಹಾಗಿಲ್ಲ, ಫೀಸ್ ನೀವೇ ಕಟ್ತಿದ್ರೂ ಅಷ್ಟೇ. ಮಾಹಿತಿ ಹಂಚಿಕೊಳ್ಳೋ ಒಪ್ಪಿಗೆ ಪತ್ರ ಆಸ್ಪತ್ರೆಗೊಂದು, ಕಾಲೇಜಿಗೊಂದು ಮಗು ಸಹಿ ಮಾಡ್ಲಿ. ತಾನು ಪ್ರಜ್ಞೆ ಇಲ್ಲದಾಗ ನಿರ್ಧಾರ ಯಾರು ತಗೊಳೋದು ಅನ್ನೋ ಅಧಿಕಾರ ಪತ್ರ ಬೇರೆ, ಅದು ನಿಮ್ಮ ಕಾನೂನಲ್ಲಿ ಹೇಗೆ ಅಂತ ವಕೀಲರನ್ನ ಕೇಳಿ ಮಾಡಿಸಿ. ಸಹಿ ಹಾಕಲ್ಲ ಅಂದ್ರೆ ಬಲವಂತ ಬೇಡ. ಏನೇನು ಹಂಚಿಕೊಳ್ಳಬಹುದು, ಏನು ಬೇಡ ಅಂತ ಭಾಗ ಮಾಡಿದ್ರೆ ಸಾಮಾನ್ಯವಾಗಿ ಒಪ್ಕೋತಾರೆ.

9. ಟ್ರಯಲ್

ಮೊದ್ಲು ಎರಡು ರಾತ್ರಿ ಬೇರೆಯವ್ರ ಮನೇಲಿ, ಆಮೇಲೆ ಒಂದು ವಾರ ಪೂರ್ತಿ ಮನೆಯಿಂದ ಹೊರಗೆ. ಆ ವಾರದಲ್ಲಿ ಒಂದು ಔಷಧಿ ಖಾಲಿಯಾಗೋ ಹಾಗೆ ಪ್ಲಾನ್ ಮಾಡಿ, ನಿಮ್ಮ ಹತ್ರ ಬ್ಯಾಕಪ್ ಇರ್ಲಿ, ಅವ್ಳೇ ತರಿಸ್ಲಿ. ಮುಗಿದ್ಮೇಲೆ ಎಲ್ಲಿ ತಡವರಿಸಿದ್ಲು ಅಂತ ಅವಳನ್ನೇ ಕೇಳಿ, ನೀವು ಹೇಳ್ಬೇಡಿ. ಟ್ರಯಲ್ ಚೆನ್ನಾಗಿ ಆಗ್ಲಿಲ್ಲ ಅಂದ್ರೆ ಅದು ಸೋಲಲ್ಲ, ಯಾವ ಕೆಲಸ 2ನೇ ಹಂತಕ್ಕೆ ವಾಪಸ್ ಹೋಗ್ಬೇಕು ಅಂತ ಗೊತ್ತಾಯ್ತು.

10. ಮೊದಲ ಸೆಮಿಸ್ಟರ್

ಆದಷ್ಟು ಕಡ್ಮೆ ಸಬ್ಜೆಕ್ಟ್‌ಗಳಿಂದ ಶುರು ಮಾಡ್ಲಿ. ದಿನಕ್ಕೆ ಎಷ್ಟು ಮೆಸೇಜು, ಉತ್ತರ ಬರದಿದ್ರೆ ಎಷ್ಟು ಗಂಟೆ ಕಾಯೋದು, ಆಮೇಲೆ ವಾರ್ಡನ್‌ಗೆ ಫೋನ್ ಮಾಡೋದು ಅನ್ನೋದನ್ನ ಹೋಗೋ ಮುಂಚೆನೇ ಇಬ್ಬರೂ ಒಪ್ಕೊಳ್ಳಿ. ಒಪ್ಪಂದ ಇಲ್ಲದೇ ಇದ್ರೆ ನೀವು ದಿನಾ ಗಾಬರಿಯಾಗ್ತೀರಿ, ಮಗು ಫೋನ್ ಎತ್ತೋದೇ ನಿಲ್ಸತ್ತೆ.

ನೀವು ಮಧ್ಯೆ ಪ್ರವೇಶಿಸ್ಬೇಕು ಅನ್ನೋದಕ್ಕೆ ಸೂಚನೆಗಳು: ತೂಕ ಇಳಿಯೋದು, ಎರಡು ಅಪಾಯಿಂಟ್‌ಮೆಂಟ್ ಸತತ ತಪ್ಪೋದು, ರಾತ್ರಿ ನಿದ್ದೆ ಇಲ್ಲದೇ ಹಗಲು ಮಲಗೋದು, ರಿಪೋರ್ಟ್ ಕಳಿಸೋಕೆ ತಪ್ಪಿಸ್ಕೊಳೋದು, ಸ್ನೇಹಿತರ ಹೆಸ್ರು ಮಾತಲ್ಲಿ ಬರೋದೇ ನಿಂತುಹೋಗೋದು. ಇದ್ರಲ್ಲಿ ಎರಡು ಕಂಡ್ರೆ ಫೋನಲ್ಲಿ ವಿಚಾರಿಸ್ತಾ ಕೂರಬೇಡಿ, ಹೋಗಿ ನೋಡಿ.

ಇನ್ನು ಒಂದು ತಾರೀಖು ಮೊದಲ ವಾರದಲ್ಲೇ ತಿಳ್ಕೊಂಡಿರಿ: ಅಂಕಪಟ್ಟಿಗೆ ಪೆಟ್ಟು ಬೀಳದೇ ಸಬ್ಜೆಕ್ಟ್ ಬಿಡೋಕೆ ಅಥವಾ ವೈದ್ಯಕೀಯ ರಜೆ ತಗೊಳೋಕೆ ಕೊನೇ ದಿನ ಯಾವುದು. ಅದ್ರ ಜೊತೆಗೆ, ರಜೆ ತಗೊಂಡ್ರೆ ಸೀಟು ಎಷ್ಟು ದಿನ ಉಳಿಯತ್ತೆ, ಕಟ್ಟಿದ ಫೀಸ್ ಏನಾಗತ್ತೆ, ಹಾಸ್ಟೆಲ್ ಯಾವಾಗ ಖಾಲಿ ಮಾಡ್ಬೇಕು, ವಾಪಸ್ ಬರೋಕೆ ಯಾವ ಪತ್ರ ಬೇಕು ಅಂತ ಆರೋಗ್ಯ ಚೆನ್ನಾಗಿರುವಾಗ್ಲೇ ಕೇಳಿ ಫೈಲಲ್ಲಿ ಹಾಕಿ. ಆಸ್ಪತ್ರೆ ಬೆಡ್ ಮೇಲಿಂದ ಇದನ್ನೆಲ್ಲ ಮೇಲ್ ಮಾಡಿ ಕೇಳೋ ಶಕ್ತಿ ಯಾವ ಮಗುವಿಗೂ ಇರಲ್ಲ.